ಅಣ್ಣನಿಗೆ ಕೊಡದ ಸೇತುವೆ

ಈನಕ್ ಯಾರ್ವುಡ್ ಗಿರಣಿ ಚಕ್ರ ಕೂರಿಸುವವರ ಮಗ, ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಚೆಷೈರ್ ಸೀಮೆಗೆ ಸರಕು ದೋಣಿಗಳಿಗಾಗಿ ಕಾಲುವೆ ತೋಡುವ ಹುಚ್ಚು ಹಿಡಿದ ಕಾಲದಲ್ಲಿ ನೆಲದ ಏರಿಳಿತವನ್ನು ಅವನಷ್ಟು ಕರಾರುವಾಕ್ಕಾಗಿ ಅಳೆಯುವವರು ಇರಲಿಲ್ಲ. ನೀರು ಇಂಗದಂತೆ ತಳಕ್ಕೆ ಜೇಡಿಮಣ್ಣು ಹರವಿ, ದನಗಳಿಂದ ತುಳಿಸಿ, ತಾನೇ ಬರಿಗಾಲಲ್ಲಿ ಉದ್ದಕ್ಕೂ ನಡೆದು ನೋಡದೆ ನೀರು ಬಿಟ್ಟವನಲ್ಲ. ವರ್ಷವಿಡೀ ಅಲೆದಾಟ, ಹಾಗಾಗಿ ಮದುವೆಯೂ ಆಗಲಿಲ್ಲ. ತನ್ನವರು ಅಂತ ಇದ್ದದ್ದು ಅಣ್ಣ ಕೇಲೆಬ್ ಒಬ್ಬನೇ.

ಈನಕ್ ತೋಡಿಸಿದ ಒಂದು ಕಾಲುವೆ ಆ ಕೇಲೆಬನ ಜಮೀನನ್ನೇ ಸೀಳಿತು. ಮನೆ ಆಚೆ ದಡಕ್ಕೆ, ಹುಲ್ಲುಗಾವಲು ಈಚೆ ದಡಕ್ಕೆ. ಅಂಥ ಕಡೆ ರೈತರಿಗೆ ಸೇತುವೆ ಕಟ್ಟಿಕೊಡುವುದು ವಾಡಿಕೆ. ಆದರೆ ಆ ಸುತ್ತಿನಲ್ಲಿ ಕಾಲುವೆ ಕಂಪನಿ ಒಪ್ಪಿದ್ದು ಒಂದೇ ಸೇತುವೆಗೆ, ಜಾಗ ಗೊತ್ತುಮಾಡುವುದನ್ನು ಈನಕ್‌ಗೆ ಬಿಟ್ಟಿತ್ತು. ಅಣ್ಣನ ಮನೆ ಮುಂದೆ ಕಟ್ಟಿದರೆ ಜನ ಆಡಿಕೊಳ್ಳುತ್ತಾರೆಂದು ಈನಕ್ ಅದನ್ನು ಮುಕ್ಕಾಲು ಮೈಲಿ ಆಚೆಗೆ ತಳ್ಳಿದ. ಅಲ್ಲಿ ಅದು ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ. ನ್ಯಾಯವಂತ ಅನಿಸಿಕೊಳ್ಳುವ ಚಪಲ ಮನುಷ್ಯನಿಂದ ಏನೇನು ಮಾಡಿಸುತ್ತದೋ!

ಕೇಲೆಬ್ ಕೂಗಾಡಲಿಲ್ಲ, ಹುಲ್ಲುಗಾವಲು ಮಾರಿಬಿಟ್ಟ. ತಮ್ಮನಿಗೆ ಹೇಳಿದ್ದು ಇಷ್ಟೇ: "ನಿನ್ನ ಸೇತುವೆ ಸುತ್ತಿಕೊಂಡು ನಾನಂತೂ ಬರಲ್ಲ ಕಣೋ. ಬೇಕಿದ್ರೆ ನೀನೇ ಬಾ."

ಕೆಲಸ ಮುಗಿದ ಮೇಲೆ ಕಂಪನಿ ಈನಕ್‌ಗೆ ಕಾಲುವೆಯ ಉಸ್ತುವಾರಿ ವಹಿಸಿ, ಅಣ್ಣನ ಮನೆಯ ನೇರ ಎದುರಿಗೇ ಮನೆ ಕೊಟ್ಟಿತು. ನಡುವೆ ಮೂವತ್ತಡಿ ನೀರು. ಅಣ್ಣ ಸೌದೆ ಒಡೆಯುವುದು ಕಾಣುತ್ತಿತ್ತು, ಕೆಮ್ಮುವುದು ಕೇಳುತ್ತಿತ್ತು. ಇವರಿಬ್ಬರ ಮುನಿಸು ದೋಣಿಯವರಿಗೆಲ್ಲ ಗೊತ್ತು. ಆಚೆ ದಡಕ್ಕೇನಾದರೂ ಸುದ್ದಿ ಮುಟ್ಟಿಸಬೇಕೇ ಎಂದು ಅವನನ್ನು ಛೇಡಿಸುತ್ತಿದ್ದರು. ಪ್ರತಿ ಭಾನುವಾರ ಹೋಗೋಣ ಅಂದುಕೊಳ್ಳುವನು. ಹೋಗಿ ಎದುರು ಕೂತು ಏನು ಮಾತಾಡುವುದೆಂದು ಹೊಳೆಯದೆ ಟೋಪಿಯನ್ನು ಮತ್ತೆ ಗೂಟಕ್ಕೆ ಸಿಕ್ಕಿಸುವನು. ಆಮೇಲೆ ಒಬ್ಬನೇ ಆಲೂಗಡ್ಡೆ ಬೇಯಿಸಿಕೊಂಡು ತಿನ್ನುವನು. ಮನೆ ಬಿಕೋ ಎನ್ನುತ್ತಿತ್ತು. ಹೀಗೆ ಹನ್ನೊಂದು ವರ್ಷ ಕಳೆಯಿತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆಚೆ ಮನೆಯ ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಕೇಲೆಬ್ ತೀರಿಕೊಂಡ ಸುದ್ದಿಯನ್ನು ದೋಣಿಯವನೊಬ್ಬ ತಂದ, ಈ ಸಲ ಛೇಡಿಸಲಿಲ್ಲ. ಈನಕ್ ತಕ್ಷಣ ಹೊರಟ. ದಡ ಹಿಡಿದು ಸೇತುವೆಯವರೆಗೆ, ಸೇತುವೆ ದಾಟಿ ಮತ್ತೆ ಅಷ್ಟೇ ದೂರ ಹಿಂದಕ್ಕೆ. ಅತ್ತಿಗೆ ಡಾರ್ಕಸ್ ಅಂಗಳದಲ್ಲಿ ನಿಂತಿದ್ದಳು. ಸುತ್ತಿ ಬರುವುದು ತುಂಬಾ ದೂರವಾಯಿತೇ ಎಂದು ಕೇಳಿದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಅವನು ಅಭ್ಯಾಸಬಲದಿಂದ ಜೇಬಿನ ಗಡಿಯಾರ ತೆಗೆದು ನೋಡಿದ.

"ಅರ್ಧ ಗಂಟೆ, ಅತ್ತಿಗೆ. ಬರೀ ಅರ್ಧ ಗಂಟೆ ದಾರಿ ಇದು" ಎಂದವನು ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.