ಓದದೆ ತೆರೆದ ಡಬ್ಬಿ

ಮೈಸೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವಾಗ ಏಳು ಕಡೆ ನನ್ನ ಜಾತಿ ಕೇಳಿದರು. ಎಂಟನೆಯದು ಶ್ರೀರಾಂಪುರದಲ್ಲಿ, ಮಾಲೀಕರ ಮನೆಯ ಮಹಡಿಯ ಮೇಲಿತ್ತು. ಅಲ್ಲಿ ಗೋಧಿ ಕೇಳಿದರು.

"ಚಪಾತಿ ಮಾಡ್ತೀರಾ?"

ಮಾಡುತ್ತೇನೆ ಎಂದೆ.

"ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಹಿಟ್ಟಿನ ಕೈಲಿ ನಮ್ಮ ಅಡುಗೆಮನೆಗೆ ಬರ್ಬೇಡಿ. ಬೇಜಾರು ಮಾಡ್ಕೋಬೇಡಿ ಕಣ್ರೀ."

ಮಡಿ ಇರಬಹುದು ಎಂದುಕೊಂಡೆ. ಮಡಿಯಲ್ಲ. ಮನೆಯೊಡತಿ ಸರ್ವಮಂಗಳಮ್ಮ ಮಠದ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನ ಅಂಶ ಅವರ ಕರುಳಿಗೆ ಆಗದು. ಚಿಟಿಕೆ ಹೋದರೂ ಎರಡು ದಿನ ಹಾಸಿಗೆ. ವೈದ್ಯರು ಹಾಲು, ತುಪ್ಪವನ್ನೂ ಬಿಡಿಸಿದ್ದರು. ಎರಡು ವರ್ಷದಿಂದ ಅವರು ಮದುವೆಗಳಿಗೂ ತಮ್ಮ ಡಬ್ಬಿ ಒಯ್ಯುತ್ತಿದ್ದರು. ಹೊರಗಿನದು ಎಂದರೆ ಪಕ್ಕದ ಮನೆಯ ನಾಗರತ್ನಮ್ಮ ಬಟ್ಟಲಲ್ಲಿ ಕೊಡುವ, ಒಗ್ಗರಣೆಯಿಲ್ಲದ ಹೆಸರುಬೇಳೆ ಕೋಸಂಬರಿ ಒಂದೇ.

ನಾನು ವಿಜಯಪುರದವಳು. ಇಲ್ಲಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರ ಬರಹದ ತಪ್ಪು ಹುಡುಕುವುದು ನನ್ನ ಕೆಲಸ. ನಮ್ಮ ಕಡೆ ನೆರೆಮನೆಗೆ ಕೂಗುತ್ತಲೇ ಒಳಗೆ ಹೋಗುತ್ತೇವೆ. ಇಲ್ಲಿ ಗೇಟಿನ ಬಳಿ ನಿಂತು ಕಾಯಬೇಕು. ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದವಳು ಇಲ್ಲಿ ಮುದ್ದೆ ನುಂಗಲು ಕಲಿತೆ, ಬೆಲ್ಲ ಹಾಕಿದ ಸಾರಿಗೆ ಮುಖ ಕಿವುಚದಿರುವುದನ್ನೂ ಕಲಿತೆ. ಆರು ತಿಂಗಳಿಗೆ ಸರ್ವಮಂಗಳಮ್ಮ ನನ್ನನ್ನು "ನೀನು" ಎನ್ನತೊಡಗಿದರು. ಈ ಊರಿನಲ್ಲಿ ಅದು ನನ್ನ ಮೊದಲ ಗೆಲುವು.

ನಮ್ಮ ಬೀದಿಯ ತಿರುವಿನಲ್ಲಿ ಸಂಜೆ ಚೈನೀಸ್ ಗಾಡಿ ನಿಲ್ಲುತ್ತದೆ. ಮೈದಾ ಹಾಳೆಯಲ್ಲಿ ಕೋಸು ತುಂಬಿ ಹಬೆಯಲ್ಲಿ ಬೇಯಿಸಿದ ಡಂಪ್ಲಿಂಗ್‌ಗೆ ಜನ ಸಾಲು ನಿಲ್ಲುತ್ತಾರೆ.

"ಗಣೇಶನ ಹಬ್ಬದ ಕಡುಬಿನ ತರಾನೇ ಇದ್ಯಲ್ಲ," ಒಂದು ಸಂಜೆ ಅವರು ಗೇಟಿನಿಂದಲೇ ಅತ್ತ ನೋಡುತ್ತ ಹೇಳಿದರು. "ಅದಕ್ಕೆ ಹಿಂಗ್ಯಾಕೆ ಮುಗಿಬೀಳ್ತಾರೆ ಕಣಮ್ಮ? ಒಂದ್ಸಲ ತಿಂದು ನೋಡ್ಬೇಕು ಅನ್ಸುತ್ತೆ."

ನಾನು ಮಾಡಿಕೊಡುತ್ತೇನೆ ಎಂದೆ.

ಸಿದ್ಧತೆ ನಮ್ಮ ವೃತ್ತಿಗೆ ತಕ್ಕ ಹಾಗೆಯೇ ಇತ್ತು. ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ ಎಂದು ಓದಿ, ಇಲ್ಲದ್ದನ್ನು ತರಿಸಿದೆ. ಅಕ್ಕಿ ಹಿಟ್ಟನ್ನು ಅವರ ಕಣ್ಣೆದುರೇ ಬೀಸಿಕೊಂಡೆ. ಅವರ ಫ್ರಿಜ್ ಮೇಲೆ ಅಂಟಿಸಿದ್ದ ವೈದ್ಯರ ಪಟ್ಟಿಯನ್ನು ಎರಡು ಸಲ ಓದಿದೆ. ಕೊನೆಯ ಸಾಲು: ಪುಡಿ ಮಾಡಿದ ಯಾವುದೇ ಮಸಾಲೆಯ ಲೇಬಲ್ ನೋಡಿಯೇ ಬಳಸಿ.

ನನ್ನ ರಜೆ ಸೋಮವಾರ. ಅಂದು ಕೆಳಗೆ ಅವರ ಅಡುಗೆಮನೆಯಲ್ಲೇ ಒಲೆ ಹಚ್ಚಿದೆ. ಅಕ್ಕಿ ಹಿಟ್ಟಿಗೆ ಸ್ವಲ್ಪ ಮರಗೆಣಸಿನ ಹಿಟ್ಟು ಸೇರಿಸಿ, ಅವ್ವ ಜೋಳದ ರೊಟ್ಟಿಗೆ ಮಾಡುವಂತೆ ಕುದಿಯುವ ನೀರು ಹಾಕಿ ನಾದಿದೆ. ಹಿಟ್ಟು ಬಿರಿಯಲಿಲ್ಲ. ಕೋಸು, ಕ್ಯಾರೆಟ್, ಶುಂಠಿ, ಹಾಲಿಲ್ಲದ ಸೋಯಾ ಪನೀರ್ ತುಂಬಿ, ಕರಿಗಡಬಿನ ಅಂಚಿನ ಹಾಗೆ ಮಡಿಕೆ ಹಾಕಿ, ಇಡ್ಲಿ ಪಾತ್ರೆಯಲ್ಲಿ ಕೋಸಿನೆಲೆಯ ಮೇಲೆ ಬೇಯಿಸಿದೆ. ಹೂರಣಕ್ಕೆ ಬೆಳ್ಳುಳ್ಳಿ ಬೇಕಿತ್ತು. ಸೋಮವಾರ ಆ ಮನೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಇಲ್ಲ. ಅವರು ಪೂಜೆಗೆ ಕೂತಿದ್ದಾಗ ನಾನು ಮೇಲೆ ಹೋಗಿ, ಅವ್ವ ಊರಿನಿಂದ ಡಬ್ಬಿ ತುಂಬಿ ಕಳಿಸಿದ್ದ ಇಂಗು ತಂದು ಎರಡು ಚಿಟಿಕೆ ಹಾಕಿದೆ.

ಸರ್ವಮಂಗಳಮ್ಮ ಐದು ತಿಂದರು. "ಏನು ರುಚಿ ಬಂದ್ಬುಟ್ಟಿದೆ!" ಎಂದು ಆರನೆಯದಕ್ಕೆ ಕೈ ಹಾಕಿ, ನಕ್ಕು, ಬಿಟ್ಟರು.

ರಾತ್ರಿಯೊಳಗೆ ಹೊಟ್ಟೆನೋವು, ವಾಂತಿ. ಮಂಗಳವಾರ ಗಂಜಿ ಒಯ್ದಾಗ ಗೋಡೆಯ ಕಡೆ ತಿರುಗಿ ಮಲಗಿದ್ದರು.

"ನೆನ್ನೆ ಬೆಳಗ್ಗೆ ನಾಗರತ್ನ ಕೋಸಂಬರಿ ಕೊಟ್ಟಿದ್ಲಲ್ಲ. ಚಪಾತಿ ಕೈಲೇ ಕಲಸಿರ್ತಾಳೆ," ಎಂದರು. "ನಿನ್ನದಲ್ಲ ಕಣಮ್ಮ. ನೀನು ಎಷ್ಟು ನೋಡಿ ಮಾಡ್ದೆ, ನಾನೇ ಕಂಡಿದೀನಿ."

ಮೇಲೆ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಇಂಗಿನ್ಯಾಗ ಏನೇನ್ ಇರ್ತದವ್ವಾ?"

"ಇಂಗ ಇರ್ತದ. ಮತ್ತ ಗೋಧಿ ಹಿಟ್ಟ ಕೂಡ್ಸಿರ್ತಾರ. ಬರೇ ಇಂಗ ಹಾಕಿದ್ರ ನಾಲಿಗಿ ಸುಡ್ತದಲ್ಲ. ಪಾಕೀಟಿನ ಮ್ಯಾಲ ಬರ್ದಿತ್ತು. ಯಾಕ, ರುಚಿ ಇಲ್ಲೇನ?"

ರುಚಿ ಐತಿ ಎಂದು ಇಟ್ಟುಬಿಟ್ಟೆ. ಮೈಸೂರಿನಲ್ಲಿ ಕೊಂಡ ಪ್ರತಿ ಪೊಟ್ಟಣದ ಬೆನ್ನು ತಿರುಗಿಸಿ ಓದಿದವಳು ಊರಿನ ಡಬ್ಬಿಯನ್ನು ಮಾತ್ರ ಹಾಗೆಯೇ ತೆರೆದಿದ್ದೆ.

ಗೊತ್ತಾದ ಮೇಲೂ ನಾನು ಕೆಳಗೆ ಇಳಿಯಲಿಲ್ಲ. ಇದನ್ನು ದಾಖಲಿಸಲೇಬೇಕು. ಬುಧವಾರ ಬೆಳಗ್ಗೆ ಸರ್ವಮಂಗಳಮ್ಮ ನಾಗರತ್ನಮ್ಮನ ಬಟ್ಟಲು ತೊಳೆದು ನನ್ನ ಕೈಗೆ ಕೊಟ್ಟರು. "ಇನ್ನೇನೂ ಕಳಿಸ್ಬೇಡ ಅಂತ ಹೇಳ್ಬುಡು." ಬಟ್ಟಲು ಖಾಲಿ ಇತ್ತು. ನಮ್ಮ ಊರಿನಲ್ಲಿಯೂ ಇಲ್ಲಿಯೂ ಪದ್ಧತಿ ಒಂದೇ: ನೆರೆಯವರ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ.

ನಾನು ಒಯ್ದು ಕೊಟ್ಟೆ. ನಾಗರತ್ನಮ್ಮ ಬಟ್ಟಲಿನೊಳಗೆ ನೋಡಿದರು.

"ಯಾಕಮ್ಮ, ಟೀಚರ್ ಮನೇಲಿ ಸಕ್ಕರೆ ಖಾಲಿಯಾಯ್ತಾ?" ನಗುತ್ತಲೇ ಕೇಳಿದರು. ನಾನು ನಗದಿದ್ದಾಗ ಅವರ ನಗು ನಿಂತಿತು. "ನಾನೇನಾದ್ರೂ ತಪ್ಪು ಮಾಡಿದ್ನಾ?"

ಆಫೀಸಿಗೆ ಹೊತ್ತಾಯಿತು ಎಂದೆ. ಗೇಟಿನವರೆಗೆ ಬಂದೆ. ಅಲ್ಲಿಂದ ಆಫೀಸಿಗೆ ಹೋಗಲಾಗಲಿಲ್ಲ. ಸರ್ವಮಂಗಳಮ್ಮನ ಮಂಚದ ಪಕ್ಕ ನಿಂತು ಎಲ್ಲ ಹೇಳಿದೆ. ಇಂಗು, ಅವ್ವನ ಡಬ್ಬಿ, ಫೋನು, ಮುಚ್ಚಿಟ್ಟ ಒಂದು ದಿನ.

ಅವರು ಎದ್ದು ಕೂತರು.

"ನಾನು ಇಂಗು ಹಾಕೋದೇ ಇಲ್ಲ, ಅದ್ರಲ್ಲಿ ಗೋಧಿ ಇರುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ. ಅದಕ್ಕೆ ಕೋಪ ಇಲ್ಲ. ಬಟ್ಟಲು ತಗೊಂಡು ಹೋದ್ರಲ್ಲ, ಆಗ ಗೊತ್ತಿತ್ತಾ ನಿಮಗೆ?"

ಗೊತ್ತಿತ್ತು ಎಂದೆ. "ನಿಮಗೆ" ಎಂದಿದ್ದು ಕೇಳಿಸಿತು.

"ಪೇಪರ್‌ನಲ್ಲಿ ತಪ್ಪಾದ್ರೆ ಮೂಲೆಲಿ ಸಣ್ಣದಾಗಿ ತಿದ್ದುಪಡಿ ಹಾಕ್ತೀರಲ್ಲ, ಅದು ನನಗೆ ಸಾಲದು. ಮೊದಲ್ನೇ ಪುಟದಲ್ಲಿ ಬೇಕು. ಅವಳ ಮನೆಗೆ ಹೋಗಿ, ಅವಳ ಮುಖ ನೋಡ್ಕೊಂಡು ಹೇಳಿ."

ತಮ್ಮ ಬಟ್ಟಲಿಗೆ ಸಕ್ಕರೆ ತುಂಬಿಸಿ ಕಳಿಸಿದರು. ನಾಗರತ್ನಮ್ಮನ ಬಾಗಿಲಲ್ಲಿ ನಿಂತು ಮತ್ತೆ ಎಲ್ಲ ಹೇಳಿದೆ. ಅವರು ಸಕ್ಕರೆ ತೆಗೆದುಕೊಂಡರು. ಒಳಗೆ ಬಾ ಎನ್ನಲಿಲ್ಲ. ಕೋಸಂಬರಿ ಮತ್ತೆ ಬರಲು ಒಂದು ತಿಂಗಳು ಹಿಡಿಯಿತು. "ನೀನು" ಇನ್ನೂ ತಡವಾಗಿ ಬಂತು. ಈಗ ನಾನು ಡಂಪ್ಲಿಂಗ್ ಮಾಡಿದರೆ ಸರ್ವಮಂಗಳಮ್ಮ ತಿನ್ನುತ್ತಾರೆ. ಆದರೆ ಪೂಜೆಗೆ ಕೂರುವುದಿಲ್ಲ, ಒಲೆಯ ಪಕ್ಕದಲ್ಲೇ ನಿಂತಿರುತ್ತಾರೆ.

ಕಳೆದ ಸಲ ಊರಿಗೆ ಹೋಗಿ ವಾಪಸ್ ಹೊರಡುವಾಗ ಅವ್ವ ಇಂಗು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮಸಾಲೆ ಖಾರ ಕಟ್ಟಿಕೊಟ್ಟಳು. ನಾನು ಒಂದೊಂದನ್ನೇ ಎತ್ತಿ, ಯಾವುದರಲ್ಲಿ ಏನಿದೆ ಎಂದು ಕೇಳಿ, ಚೀಟಿ ಬರೆದು ಅಂಟಿಸತೊಡಗಿದೆ.

"ನಾ ಕೊಟ್ಟದ್ದನ್ನೂ ತಪಾಸ ಮಾಡ್ತಿಯೇನ?" ಎಂದಳು.

ಕೆಳಗಿನ ಮನೆಯವರಿಗಾಗಿ ಎಂದೆ.

"ಆತು, ನಿಮ್ಮ ಮೈಸೂರಿನ ಮನಿ ಮಂದಿಗಾಗಿ," ಎಂದು ಅವ್ವ ಉಳಿದ ಡಬ್ಬಿಗಳನ್ನು ನನ್ನ ಮುಂದೆ ಸರಿಸಿ, ಒಳಗೆ ಹೋದಳು. ನಾನು ಕೂತು ಎಲ್ಲದಕ್ಕೂ ಚೀಟಿ ಬರೆದೆ.