ಬೋರಮಾಳ ಕುದಿಸಿದವಳು

ಹೋದ ವಾರ ಅಡುಗೆಮನೆಗೆ ಕಾಲಿಟ್ಟಾಗ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಪಕ್ಕದ ತಾಟಿನಲ್ಲಿ ಬೋರಮಾಳ ಸರ. ನಾದಿನಿ ಶೈಲಾಳ ಮಗಳು ಪೂಜಾ ಸೋಡಾದ ಪೊಟ್ಟಣ ಬಿಚ್ಚುತ್ತ ನಿಂತಿದ್ದಳು. ನಾನು ಏನೂ ಕೇಳದೆ ಗ್ಯಾಸ್ ಆರಿಸಿದೆ.

"ಯಾಕತ್ತಿ? ನಾಡಿದ್ದು ನಿಶ್ಚಯಕ್ಕ ಹಾಕ್ಕೋಬೇಕು. ಮೊಬೈಲ್‌ನ್ಯಾಗ ಹಿಂಗ ತೊಳೀಬೇಕಂತ ತೋರಿಸ್ಯಾರ," ಎಂದಳು. ಅವಳ ಮದುವೆಯ ನಿಶ್ಚಯ ನಮ್ಮ ಮನೆಯಲ್ಲೇ ಎಂದು ತಾಯಿ ಮಗಳು ನಮ್ಮೂರು ಮರಳಿಗೆ ಬಂದಿದ್ದರು.

ಬೋರಮಾಳವನ್ನು ನೀವು ನೋಡಿರಬಹುದು. ಬಂಗಾರದ ಗುಂಡುಗಳನ್ನು ದಾರದಲ್ಲಿ ಪೋಣಿಸಿದ ಸರ. ನೋಡಲು ಗಟ್ಟಿ ಬಂಗಾರದಂತೆ ಕಂಡರೂ ಬಂಗಾರವಿರುವುದು ಮೇಲಿನ ತೆಳು ತಗಡಿನಷ್ಟೇ, ಹೊಟ್ಟೆಯೊಳಗೆ ಅರಗು. ಇದನ್ನು ನಾನು ಕಲಿತ ರೀತಿ ಹೇಳಿಕೊಳ್ಳುವಂಥದ್ದಲ್ಲ. ಅದಕ್ಕೇ ಇಪ್ಪತ್ತಾರು ವರ್ಷ ಯಾರಿಗೂ ಹೇಳಿರಲಿಲ್ಲ.

ಕುಷ್ಟಗಿ ಕಡೆಯವಳಾದ ನಾನು ಈ ಮನೆಗೆ ಸೊಸೆಯಾಗಿ ಬಂದು ಆಗ ನಾಲ್ಕು ತಿಂಗಳು. ತವರಿನಲ್ಲಿ ಅವ್ವನ ತಾಳಿ, ಬೆಂಡೋಲೆ ಬಿಟ್ಟರೆ ಬಂಗಾರ ಕಂಡವಳಲ್ಲ. ಅವ್ವ ಜಳಕ ಮಾಡುವಾಗ ಅವಕ್ಕೂ ಜಳಕವಾಗುತ್ತಿತ್ತು. ಆದರೂ ಕೊಪ್ಪಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಜಂಬವಿತ್ತು. ಸೋಡಾ ಬಂಗಾರಕ್ಕೆ ಏನೂ ಮಾಡದು ಎಂಬುದು ನನಗೆ ಗೊತ್ತಿತ್ತು. ಬಂಗಾರದ ಒಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ.

ಶೈಲಾಳ ಮದುವೆಗೆ ಎಂಟು ದಿನವಿತ್ತು. ಅತ್ತೆ ತಮ್ಮ ತಾಯಿಯಿಂದ ಬಂದ ಬೋರಮಾಳವನ್ನು ಮಗಳಿಗೆ ಹಾಕಬೇಕೆಂದು ತೆಗೆದಿಟ್ಟಿದ್ದರು. ಅವರು ದೇವರ ದರ್ಶನಕ್ಕೆಂದು ಹುಲಿಗಿಗೆ ಹೋಗಿದ್ದ ದಿನ, ಬರುವಷ್ಟರಲ್ಲಿ ಫಳಫಳ ಮಾಡಿಡೋಣವೆಂದು ನಾನು ಅದನ್ನು ಸೋಡಾ ನೀರಿನಲ್ಲಿ ಕುದಿಯಲು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆಯೊಂದು ಬಂತು. ನೀರಿನ ಮೇಲೆ ಕಂದು ಬಣ್ಣದ ಜಿಗುಟು ತೇಲುತ್ತಿತ್ತು. ಗುಂಡುಗಳ ತೂತಿನಿಂದ ಅರಗು ಕರಗಿ ಇಳಿಯುತ್ತಿತ್ತು. ಗಾಬರಿಯಲ್ಲಿ ಬಿಸಿ ಸರವನ್ನೇ ಕೈಯಲ್ಲಿ ಹಿಡಿದು ಪಿನ್ನಿನಿಂದ ಕೆರೆದೆ. ಮೂರು ಗುಂಡುಗಳು ನನ್ನ ಬೆರಳ ನಡುವೆಯೇ ತಗ್ಗಾದವು.

ಅತ್ತೆ ಬಂದಾಗ ನಾನು ಹಿತ್ತಲಿನ ಕಲ್ಲಿನ ಮೇಲೆ ಅದನ್ನೇ ಹಿಡಿದು ಕೂತಿದ್ದೆ. ಅವರು ಸರ ನೋಡಿದರು, ನನ್ನನ್ನು ನೋಡಿದರು.

"ಕೈ ಸುಟ್ಟಾವೇನು?" ಎಂದಷ್ಟೇ ಕೇಳಿದರು.

ಮರುದಿನ ಮಾವ ನಮ್ಮಿಬ್ಬರನ್ನೂ ಗಂಗಾವತಿಗೆ ಕರೆದುಕೊಂಡು ಹೋದರು. ಅಕ್ಕಸಾಲೆ ಪತ್ತಾರರು ಸರವನ್ನು ತಿರುಗಿಸಿ ನೋಡಿ, "ಇದಕ್ಕ ಬಿಸಿ ತಾಗಿಸಬಾರ್ದ್ರಿ. ಯಾರು ಮಾಡಿದ್ದು ಇದನ್ನ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾನ ಕುದಿಯಾಕ ಇಟ್ಟಿದ್ದೆ. ಎಲ್ಲೆ ಬುದ್ಧಿ ಇತ್ತೋ ಏನೋ," ಎಂದರು. ನಾನು ತಲೆ ತಗ್ಗಿಸಿ ಕೂತೆ.

ಪತ್ತಾರರು ಹೊಸ ಅರಗು ತುಂಬಿದರು, ಮೂರು ಗುಂಡು ಹೊಸದಾಗಿ ಮಾಡಿಕೊಟ್ಟರು. ಮದುವೆಯಲ್ಲಿ ಶೈಲಾ ಅದನ್ನು ಹಾಕಿಕೊಂಡಳು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಅತ್ತೆ ಒಲೆಯ ಹತ್ತಿರ ಹೋದರೆ ಸಾಕು, "ಏನು, ಇವತ್ತ ಬಂಗಾರದ ಸಾರೇನು?" ಎನ್ನುತ್ತಿದ್ದರು ಮಾವ. ಬೀಗರ ಮನೆಯಲ್ಲೂ ಶೈಲಾ ಈ ಕಥೆ ಹೇಳಿ ನಗಿಸುತ್ತಿದ್ದಳು. ಅತ್ತೆ ನಗುತ್ತಿದ್ದರು. ನಾಚಿಕೆಯ ಮಾತೆಂದರೆ, ನಾನೂ ನಗುತ್ತಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕಲಿಸಿದರು. ಬಳೆಗಳನ್ನು ಉಗುರುಬೆಚ್ಚಗಿನ ಅಂಟವಾಳದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜುವುದು, ಮುತ್ತು ಹವಳಕ್ಕೆ ಬರೀ ಮೆತ್ತನೆಯ ಅರಿವೆ, ಬೋರಮಾಳವನ್ನು ಮುಳುಗಿಸದೆ ಒದ್ದೆ ಅರಿವೆಯಲ್ಲಿ ಒರೆಸಿ ನೆರಳಿಗೆ ಆರಿಸುವುದು. ಕುದಿಸಿದ್ದರ ಬಗ್ಗೆ ಅವತ್ತೂ ಒಂದು ಮಾತೂ ಆಡಲಿಲ್ಲ.

ಇದನ್ನೆಲ್ಲ ನೆನೆಯುತ್ತ ನಾನು ಪೂಜಾಳಿಗೆ ಸರ ಒರೆಸಿ ತೋರಿಸುತ್ತಿದ್ದೆ. ಅವಳು ನಕ್ಕು, "ಅಜ್ಜಿ ಕಥಿ ನೆನಪ ಆಗಲಿಲ್ಲ ನೋಡು. ನಾನೂ ಅಜ್ಜಿ ಹಂಗ ಕುದಿಸಿಬಿಡ್ತೀನಿ ಅಂತ ಗ್ಯಾಸ್ ಆರಿಸಿದಿ, ಹೌದಿಲ್ಲೋ?" ಎಂದಳು.

ಪಡಸಾಲೆಯಲ್ಲಿ ಅತ್ತೆ ಮತ್ತು ಶೈಲಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಕೈ ಒರೆಸಿಕೊಂಡು ಅಲ್ಲಿಗೆ ಹೋಗಿ ನಿಂತೆ.

"ಶೈಲಾ, ಅವತ್ತು ಬೋರಮಾಳ ಕುದಿಸಿದ್ದು ಅತ್ತಿ ಅಲ್ಲ. ನಾನು."

ಶೈಲಾ ನನ್ನನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದಳು. ಅತ್ತೆಗೆ ಸ್ವಲ್ಪ ಸಿಟ್ಟೇ ಬಂದಿತ್ತು. "ಇಷ್ಟು ವರ್ಷ ನಾ ಬಾಯಿ ಬಿಟ್ಟಿರಲಿಲ್ಲ. ನೀ ಯಾಕ ಹೇಳಾಕ ಹೋದಿ?" ಎಂದರು.

"ಎಲ್ಲಾರೂ ನಿನ್ನ ನೋಡಿ ನಗತಿದ್ವಲ್ಲವ್ವ," ಎಂದಳು ಶೈಲಾ ಮೆಲ್ಲಗೆ. "ನಿನಗ ಏನೂ ಅನಿಸ್ಲಿಲ್ಲೇನು?"

"ನೀವು ನನ್ನ ಮಕ್ಕಳು, ನಕ್ಕರ ಏನಾತು? ನಿನ್ನ ವೈನಿ ಆಗ ಹೊಸದಾಗಿ ಬಂದಾಕಿ. ಆಕಿಗೆ ನಕ್ಕಿದ್ರ ತಡಕೋತಿದ್ದಿಲ್ಲ."

ಬಾಗಿಲಲ್ಲಿ ನಿಂತಿದ್ದ ಪೂಜಾ, "ಈಗ ನಗಬಹುದೇನಜ್ಜಿ?" ಎಂದಳು.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ ನಗ್ರಿ. ಈಗ ಇದು ಆಕಿದ ಮನಿ."

ಮೊದಲು ನಕ್ಕವಳು ಶೈಲಾ. ಆಮೇಲೆ ಎಲ್ಲರೂ, ನನ್ನನ್ನೇ ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಅತ್ತೆಯ ಪಕ್ಕದಲ್ಲಿ ಹೋಗಿ ಕೂತೆ.