ಹಳದಿ ಗೌನಿನ ಅಟೋಂಗ್

ಮೆಲ್ಬರ್ನಿನ ಫುಟ್‌ಸ್ಕ್ರೇ ರೈಲು ನಿಲ್ದಾಣದ ಎದುರು ಗೋಡೆಯ ಮೇಲೆ ಅಟೋಂಗ್ ಅಳುತ್ತಾ ನಿಂತಿದ್ದಳು. ಮೂರಾಳೆತ್ತರದ ಚಿತ್ರ. ಹಳದಿ ಗೌನು, ನುಣ್ಣಗೆ ಬೋಳಿಸಿದ ತಲೆ, ನೀಳ ಕತ್ತು, ಕೆನ್ನೆಯ ಮೇಲೆ ಅರ್ಧದಾರಿಗೆ ಬಂದು ನಿಂತ ಒಂದು ಹನಿ ಕಣ್ಣೀರು. ಹಿಂದೆ ಆಲ್ಟೋನಾದ ಬೂದು ಸಮುದ್ರ. ಆ ಚಿತ್ರ ತೆಗೆದವಳು ಅವಳ ದೊಡ್ಡಮ್ಮನ ಮಗಳು ಅಲುಯೆಲ್. ಬೆಳಿಗ್ಗೆ ವೃದ್ಧಾಶ್ರಮದ ಕೆಲಸಕ್ಕೆ ಹೋಗುವಾಗ ಅಲುಯೆಲ್ ಆ ಗೋಡೆಯನ್ನು ಹಾದೇ ಹೋಗಬೇಕು. ಮೊದಮೊದಲು ನಿಂತು ನೋಡುತ್ತಿದ್ದಳು. ಈಗೀಗ ತಲೆ ತಗ್ಗಿಸಿ ದಾಟುತ್ತಿದ್ದಳು.

ಇಬ್ಬರೂ ಡಿಂಕಾ ಬುಡಕಟ್ಟಿನ ಹುಡುಗಿಯರು. ಕಾಕುಮಾದ ನಿರಾಶ್ರಿತರ ಶಿಬಿರದಲ್ಲಿ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು, ಮೆಲ್ಬರ್ನಿಗೆ ಬಂದಿಳಿದದ್ದೂ ಒಟ್ಟಿಗೇ. ಇಲ್ಲಿನ ಶಾಲೆಯ ಗುಂಪು ಫೋಟೋ ಮನೆಗೆ ಬಂದಾಗ ಅಟೋಂಗ್‌ಳ ತಾಯಿ ಅಡೌ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದಳು. ಬಿಳಿ ಮಕ್ಕಳ ನಡುವೆ ಇವರಿಬ್ಬರಿದ್ದ ಜಾಗದಲ್ಲಿ ಎರಡು ಕಪ್ಪು ಕಲೆ, ಅದರಲ್ಲಿ ಹಲ್ಲಷ್ಟೇ ಬೆಳ್ಳಗೆ.

"ನಾನು ಹೆತ್ತಿದ್ದು ಹುಡುಗೀನಾ, ಬರೀ ಹಲ್ಲು ಸೆಟ್ಟಾ?" ಎಂದು ಅಡೌ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಟೋಂಗ್ ಕೂಡ ನಕ್ಕಳು. ತಾಯಿ ಮಗಳಿಬ್ಬರದೂ ಬಸ್ಸಿನಲ್ಲಿ ಕೂತವರು ತಿರುಗಿ ನೋಡುವಂಥ ನಗು. ಅಲುಯೆಲ್‌ಗೆ ಮಾತ್ರ ನಗು ಬರಲಿಲ್ಲ.

ದೊಡ್ಡವಳಾಗಿ ಸಂಬಳ ಬರತೊಡಗಿದ ಮೇಲೆ ಅವಳು ಹಳೆಯ ಕ್ಯಾಮೆರಾ ಒಂದನ್ನು ಕೊಂಡಳು. ಭಾನುವಾರ ಚರ್ಚಿನಿಂದ ಹೊರಬರುವ ಹೆಂಗಸರನ್ನು, ಹೆಗಲ ಮೇಲೆ ಗಂಟು ಹಾಕಿದ ಅವರ ಕಸೂತಿ ಬಟ್ಟೆಗಳನ್ನು, ಅಚ್ಚಬಿಳಿ ಷರಟು ಹಾಕಿದ ಹುಡುಗರನ್ನು ತೆಗೆದಳು. ಕಪ್ಪು ಅನ್ನುವುದು ಒಂದೇ ಬಣ್ಣವಲ್ಲವೆಂದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಚಿಕ್ಕಮ್ಮ ಅಡೌಳ ಕೈಯಲ್ಲಿ ಕಾಯಿಸಿದ ಬೆಲ್ಲದ ಕೆಂಪಿತ್ತು. ಅಟೋಂಗ್‌ಳ ಹಣೆಯಲ್ಲಿ ನಸುಕಿನ ನೀಲಿಯಿತ್ತು. ಆ ನೀಲಿಯನ್ನು ಹಿಡಿದುಬಿಡಬೇಕು ಎಂದೇ ಅವಳು ಅಟೋಂಗ್‌ಳನ್ನು ಆಲ್ಟೋನಾ ಕಡಲತಡಿಗೆ ಕರೆದುಕೊಂಡು ಹೋಗಿದ್ದು.

ಆ ಹಳದಿ ಗೌನು ಹೊಲಿಗೆ ಕಲಿಯುತ್ತಿದ್ದ ಗೆಳತಿಯೊಬ್ಬಳದು. ಎತ್ತರದ ಹಿಮ್ಮಡಿಯ ಬೂಟೂ ಅವಳದೇ, ಅಟೋಂಗ್‌ಳ ಪಾದಕ್ಕೆ ತೀರಾ ಚಿಕ್ಕದು.

"ಅಲುಯೆಲ್, ನನ್ನ ಹೆಬ್ಬೆಟ್ಟು ಸತ್ತೋಯ್ತು ಕಣೇ."

"ಒಂದೇ ಒಂದು. ತಡ್ಕೋ."

"ಫೋಟೋದಲ್ಲಿ ಕಾಲೇ ಬೀಳಲ್ಲ ಅಂದ್ಮೇಲೆ ಬೂಟು ಯಾಕೆ ಹಾಕ್ಸಿದ್ಯೇ, ಪಾಪಿ?"

"ಅದು ಹಾಕಿದ್ರೆ ನೀನು ನೆಟ್ಟಗೆ ನಿಲ್ತೀಯ. ಮಾತಾಡ್ಬೇಡ."

ಅಟೋಂಗ್ ತುಟಿ ಬಿಗಿಹಿಡಿದಳು. ನೋವು ತಾಳಲಾಗದೆ ಕಣ್ಣಿಂದ ಒಂದು ಹನಿ ಉರುಳಿತು. ಅಲುಯೆಲ್ ಅದನ್ನು ಕ್ಯಾಮೆರಾದಲ್ಲಿ ಹಿಡಿದಳು. ಆಮೇಲೆ ಇಬ್ಬರೂ ಮರಳಿನಲ್ಲಿ ಕಾಲು ಚಾಚಿ ಕೂತು, ಕಾಗದದ ಪೊಟ್ಟಣದಿಂದ ಬಿಸಿ ಆಲೂಗಡ್ಡೆ ಚಿಪ್ಸ್ ತಿನ್ನುತ್ತಾ ಆ ಬೂಟಿಗೆ ಬಾಯಿಗೆ ಬಂದಂತೆ ಬೈದರು.

ಚಿತ್ರಕ್ಕೆ ಬಹುಮಾನ ಬಂತು. ಚಿತ್ರಶಾಲೆ ನಡೆಸುತ್ತಿದ್ದ ಮರಿಯಾನ್ ಎಂಬ ಹೆಂಗಸು ಅದನ್ನು ದೊಡ್ಡದಾಗಿ ಮಾಡಿಸಿ ತೂಗುಹಾಕಿ, ಅಲುಯೆಲ್‌ಳನ್ನು ಜನರ ಮುಂದೆ ಕೂರಿಸಿದಳು. ಆ ಹನಿಯಲ್ಲಿ ಏನಿದೆ ಎಂದು ಯಾರೋ ಕೇಳಿದರು.

"ಅವತ್ತು ಅವಳ ಬೂಟು..." ಎಂದು ಅಲುಯೆಲ್ ಶುರುಮಾಡಿದಳು.

ಮರಿಯಾನ್ ಮೆಲ್ಲಗೆ ಅವಳ ಹೆಗಲ ಮೇಲೆ ಕೈಯಿಟ್ಟಳು. "ಹೌದು. ಆ ಬೂಟು ಎಷ್ಟು ಗಡಿ ದಾಟಿ ಬಂದಿರಬೇಕು, ಅಲ್ವಾ?"

ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಅಲುಯೆಲ್ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಥ್ಯಾಂಕ್ಸ್ ಅಂದಳು.

ನಗರಸಭೆಯವರು ಆ ಚಿತ್ರವನ್ನು ನಿಲ್ದಾಣದ ಎದುರಿನ ಗೋಡೆಗೇರಿಸಿದರು. ಅಲ್ಲಿಂದಾಚೆಗೆ ಪತ್ರಿಕೆಯವರು, ಬಟ್ಟೆ ಕಂಪನಿಯವರು ಬಂದರು. ಎಲ್ಲರಿಗೂ ಆ ಹನಿಯೇ ಬೇಕು. ನಗುವ ಚಿತ್ರ ಕಳಿಸಿದರೆ ಚೆನ್ನಾಗಿದೆ ಎಂದು ಹೇಳಿ ಬೇರೊಂದನ್ನು ಕೇಳುತ್ತಿದ್ದರು. ಕ್ರಮೇಣ ಅಲುಯೆಲ್‌ಳ ಬಾಯಲ್ಲೇ ಆ ಮಾತು ಬರತೊಡಗಿತು. "ಹಲ್ಲು ತೋರಿಸ್ಬೇಡಮ್ಮ. ಕೆಳಗೆ ನೋಡು. ಸತ್ತೋರನ್ನ ಯಾರನ್ನಾದ್ರೂ ನೆನೆಸ್ಕೋ." ಹದಿಹರೆಯದ ಡಿಂಕಾ ಹುಡುಗಿಯರು, ಮೆಲ್ಬರ್ನಿನಲ್ಲೇ ಹುಟ್ಟಿದವರು, ಹೇಳಿದಂತೆ ಮುಖ ಇಳಿಬಿಡುತ್ತಿದ್ದರು. ಈಗ ಮಾಡೆಲ್ ಆಗಿದ್ದ ಅಟೋಂಗ್‌ಗೂ ಅದೇ ಗತಿ. ಶಾಂಪೂ ಜಾಹೀರಾತಿಗೆ ಹೋದರೂ, "ಆ ಅಳೋದು ಮಾಡ್ತೀರಲ್ಲ, ಅದನ್ನೊಂಚೂರು ತೋರಿಸಿ" ಎನ್ನುತ್ತಿದ್ದರು.

"ನನ್ನ ತಲೇಲಿ ಕೂದಲೇ ಇಲ್ಲ, ಶಾಂಪೂಗೆ ಅಳ್ದೆ ಇನ್ನೇನ್ ಮಾಡ್ಲಿ!" ಎಂದು ಅಡೌ ಮುಂದೆ ಅಭಿನಯಿಸಿ ತೋರಿಸಿ ಅಟೋಂಗ್ ನಗುತ್ತಿದ್ದಳು. ಅಡೌ ನಕ್ಕು ಸುಸ್ತಾಗಿ, ದಾಲ್ಚಿನ್ನಿ ಹಾಕಿದ ಚಹಾ ಮತ್ತೊಂದು ಸುತ್ತು ಬಗ್ಗಿಸುತ್ತಿದ್ದಳು.

ಆ ಅಡೌ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದುಬಿದ್ದು ತೀರಿಹೋದಳು.

ಮೆಲ್ಟನ್ನಿನ ಅವರ ಮನೆಯಲ್ಲಿ ಸೋಫಾಗಳನ್ನು ಹೊರಗಿಟ್ಟು ನೆಲದ ತುಂಬ ಹಾಸಿಗೆ ಹಾಸಿದರು. ಹೆಂಗಸರು ಕರಿ ಬಟ್ಟೆಯಲ್ಲಿ ಬಂದು, ಬಾಗಿಲಲ್ಲೇ ದನಿ ತೆಗೆದು ಅತ್ತು, ಒಳಗೆ ಬಂದು ಕೂತು ಹಾಡಿದರು. ಅಟೋಂಗ್ ನಟ್ಟನಡುವೆ ಕೂತಿದ್ದಳು. ಅವಳ ಕಣ್ಣಲ್ಲಿ ನೀರಿಲ್ಲ. ಮೊದಲ ದಿನ ಆಘಾತ ಅಂದುಕೊಂಡರು. ಮರುದಿನ ಕಣ್ಣುಗಳು ಅವಳ ಕಡೆ ಹೊರಳತೊಡಗಿದವು.

"ಗ್ವಾಡೆ ಮ್ಯಾಲೆ ನಿಂತು ಅಳಾಕೆ ಬತ್ತದೆ, ಹೆತ್ತವ್ವಂಗೆ ಬರಾಕಿಲ್ವಾ?" ಎಂದಳು ಮುದುಕಿ ಅಕೋನ್, ಮೂಲೆಯಿಂದ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

"ಅಲ್ಲಾದ್ರೆ ಕೂಲಿ ಸಿಕ್ತದೆ ಕಣಜ್ಜಿ," ಎಂದಳು ಪಕ್ಕದವಳು.

ಅಟೋಂಗ್ ಎದ್ದು ಹಿಂದಿನ ಕೋಣೆಗೆ ಹೋದಳು. ಅಲುಯೆಲ್ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡಳು.

"ಅವರ ಮಾತು ಬಿಡು. ಅತ್ತುಬಿಡು ಅಟೋಂಗ್, ಇಲ್ಲಿ ಯಾರೂ ಇಲ್ಲ."

"ಬರುತ್ತೆ ಕಣೇ. ಇಲ್ಲೀವರೆಗೂ ಬರುತ್ತೆ." ಅಟೋಂಗ್ ಗಂಟಲು ಮುಟ್ಟಿ ತೋರಿಸಿದಳು. "ಅಷ್ಟರಲ್ಲಿ ನನ್ನ ಮುಖ ಈಗ ಹೇಗೆ ಕಾಣ್ತಿದೆ ಅಂತ ಯೋಚನೆ ಬರುತ್ತೆ. ಆ ಫೋಟೋ ಥರ ಕಾಣ್ತಿದೆಯಾ ಅಂತ. ಅಲ್ಲಿಗೇ ನಿಂತೋಗುತ್ತೆ. ಅಮ್ಮ ಸತ್ತಿದ್ದಾಳೆ, ನಾನು ನನ್ನ ಮುಖ ನೋಡ್ಕೋತಾ ಕೂತಿದ್ದೀನಿ." ಅಲುಯೆಲ್ ಕಡೆ ತಿರುಗಿದಳು: "ನೀನೂ ನೋಡ್ತಿದ್ದೀಯ. ಈಗ್ಲೂ."

ಪರದೆಯ ಸಂದಿಯಿಂದ ಬಂದ ಬಿಸಿಲು ಅಟೋಂಗ್‌ಳ ಹಣೆಯ ಮೇಲೆ ಬಿದ್ದು, ಆ ನೀಲಿ ಎದ್ದು ಕಾಣುತ್ತಿದ್ದುದನ್ನು ಒಳಗೆ ಬಂದ ಕ್ಷಣವೇ ಅಲುಯೆಲ್‌ಳ ಕಣ್ಣು ಗುರುತಿಸಿಯಾಗಿತ್ತು.

ಮಣ್ಣಿನ ಕಾರ್ಯ ಮುಗಿದ ಮೇಲೆ ಅಲುಯೆಲ್ ನೇರ ಮರಿಯಾನ್ ಹತ್ತಿರ ಹೋದಳು. ಬೂಟಿನ ಕತೆಯನ್ನು ಒಂದೂ ಬಿಡದೆ ಹೇಳಿದಳು. ಗೋಡೆಯ ಮೇಲಿನ ಚಿತ್ರ ತೆಗೆಸಿ ಎಂದು ಕೇಳಿದಳು.

ಮರಿಯಾನ್ ಕೋಪ ಮಾಡಿಕೊಳ್ಳಲಿಲ್ಲ. "ಗೋಡೆ ನನ್ನದಲ್ಲ, ನಗರಸಭೆಯದು. ಅವರು ಕೇಳಲ್ಲ, ಊರಿನ ಗುರುತಾಗ್ಬಿಟ್ಟಿದೆ ಅದು," ಎಂದಳು. ಆಮೇಲೆ ತಡವರಿಸುತ್ತಾ ಕೇಳಿದಳು, "ಆ ಚಿತ್ರದ ಮುಂದೆ ನಿಂತು ಒಬ್ಬ ಹೆಂಗಸು ಸತ್ತುಹೋದ ತನ್ನ ಮಗುವಿನ ವಿಷಯ ಜೀವನದಲ್ಲೇ ಮೊದಲ ಸಲ ಬಾಯ್ಬಿಟ್ಟು ಹೇಳಿದ್ಲು. ನನ್ನ ಹತ್ರ. ಅವಳಿಗೆ ಹೋಗಿ ಬೂಟು ಕಚ್ತಿತ್ತು ಅಂತ ಹೇಳ್ಲಾ?"

ಮರಿಯಾನ್ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಅಲುಯೆಲ್‌ಳ ಚೀಲದಲ್ಲಿ ಅಡೌ ಮತ್ತು ಅಟೋಂಗ್ ಚಹಾ ಲೋಟ ಹಿಡಿದು ಬಿದ್ದು ಬಿದ್ದು ನಗುತ್ತಿದ್ದ ಚಿತ್ರಗಳಿದ್ದವು. ತೋರಿಸಿದಳು. ಮರಿಯಾನ್ ಒಂದೊಂದನ್ನೂ ನಿಧಾನವಾಗಿ ನೋಡಿದಳು.

"ತುಂಬಾ ಮುದ್ದಾಗಿವೆ," ಎಂದಳು. "ಮನೇಲಿ ಇಟ್ಕೊಳ್ಳೋಕೆ."

ಅಟೋಂಗ್ ಆ ಕೆಲಸವನ್ನೇ ಬಿಟ್ಟಳು. ನಿಲ್ದಾಣದಿಂದ ಆಚೆ ಬೀದಿಯಲ್ಲಿ ಜಡೆ ಹೆಣೆಯುವ ಅಂಗಡಿ ಸೇರಿದಳು. ತನ್ನ ಕೂದಲನ್ನೂ ಬೆಳೆಯಲು ಬಿಟ್ಟಳು. ಆದರೂ ಬಂದ ಗಿರಾಕಿಗಳು ಮುಖವನ್ನೇ ದಿಟ್ಟಿಸಿ, "ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲ?" ಎನ್ನುವುದು ತಪ್ಪಲಿಲ್ಲ. ಅಲುಯೆಲ್ ಕ್ಯಾಮೆರಾ ಬಿಡಲಿಲ್ಲ. ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಆದರೆ ಮುದುಕರ ಹಾಸಿಗೆ ಬದಲಾಯಿಸುವುದಷ್ಟೇ ತನ್ನ ಬದುಕು ಎಂದು ನೆನೆದರೆ ಉಸಿರು ಕಟ್ಟುತ್ತಿತ್ತು. ಪತ್ರಿಕೆಯವರು ಕರೆದಾಗ ಹೋಗುತ್ತಿದ್ದಳು, ಅವರು ಕೇಳಿದ್ದನ್ನೇ ತೆಗೆದು ಬರುತ್ತಿದ್ದಳು.

ಮಳೆ ಹಿಡಿದಿದ್ದ ಒಂದು ಶನಿವಾರ ಅವಳು ಜಡೆ ಹಾಕಿಸಿಕೊಳ್ಳಲು ಅಟೋಂಗ್‌ಳ ಅಂಗಡಿಗೆ ಹೋದಳು. ಕ್ಯಾಮೆರಾ ಮನೆಯಲ್ಲಿತ್ತು.

"ಏನೇ ಇದು, ತಲೆಯೋ ಹುಲ್ಲಿನ ಮೆದೆಯೋ? ಬಾಚಣಿಗೆ ಕಂಡು ಎಷ್ಟು ಕಾಲ ಆಯ್ತು?" ಎಂದು ಬೈಯುತ್ತಾ ಅಟೋಂಗ್ ಅವಳ ತಲೆಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಸಾಲು ಬಿಡಿಸಿ ಹೆಣೆಯತೊಡಗಿದಳು. ಹೆಣೆಯುತ್ತಾ ಹೆಣೆಯುತ್ತಾ ತಾನಾಗಿಯೇ ಅಡೌ ವಿಷಯ ತೆಗೆದಳು. ಅಮ್ಮ ಬೆಂಡೆಕಾಯಿ ಸಾರಿಗೆ ಉಪ್ಪು ಮರೆತು, ಮರೆತೇ ಇಲ್ಲವೆಂದು ವಾದಿಸುತ್ತಿದ್ದದ್ದು. ಟ್ರಾಮಿನಲ್ಲಿ ಅಪರಿಚಿತರ ಮಗುವನ್ನು ಎತ್ತಿಕೊಂಡು ಕೆಳಗಿಳಿಸಲು ಒಪ್ಪದೇ ಇದ್ದದ್ದು.

"ಆ ಮಗುವಿನ ಅಪ್ಪ ನಮ್ಮ ಜೊತೇನೇ ಇಳಿದ ಕಣೇ, ಅವನ ಸ್ಟಾಪ್ ಬಿಟ್ಟು," ಎಂದಳು. ನಕ್ಕಳು. ನಗು ನಡುವೆಯೇ ಎಡವಿತು. ಬೆರಳುಗಳು ನಿಂತವು.

ಎದುರಿಗೇ ಕನ್ನಡಿಯಿತ್ತು, ಅದರಲ್ಲಿ ಅಟೋಂಗ್‌ಳ ಮುಖ. ಅಲುಯೆಲ್ ಕಣ್ಣು ಮುಚ್ಚಿಕೊಂಡಳು. ತಲೆ ಅಟೋಂಗ್‌ಳ ಕೈಯಲ್ಲಿ ಸಿಕ್ಕಿಹಾಕಿಕೊಂಡಿತ್ತು; ಬೆರಳುಗಳು ಮತ್ತೆ ಕೂದಲಲ್ಲಿ ಆಡುವವರೆಗೂ ಅವಳು ಕಣ್ಣು ತೆರೆಯಲಿಲ್ಲ.